ಕಲ್ಲು, ಹಾಡು ಮತ್ತು ಆಲದ ಮರ: ಕಿತ್ತೂರು ರಣಭೂಮಿಯ ಗುರುತುಗಳು

ಕದನ ನಡೆದ ನೆಲವನ್ನು ಗುರುತಿಸಿ ಅಲ್ಲಿ ಮಡಿದವನ ಹೆಸರಿನಲ್ಲಿ ಕಲ್ಲು ನಿಲ್ಲಿಸುವುದು ಕನ್ನಡ ನಾಡಿಗೆ ಹೊಸ ವಾಡಿಕೆಯಲ್ಲ. ಊರ ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಬಿದ್ದವನಿಗೆ, ಗಡಿಯ ಜಗಳದಲ್ಲಿ ಸತ್ತವನಿಗೆ, ಒಡೆಯನ ಪರವಾಗಿ ತಲೆ ಕೊಟ್ಟವನಿಗೆ ನಿಲ್ಲಿಸಿದ ವೀರಗಲ್ಲುಗಳು ನಮ್ಮ ಊರುಗಳ ಅಗಸೆಯ ಬಳಿ, ಕೆರೆಯ ಏರಿಯ ಮೇಲೆ, ಗುಡಿಯ ಹಿಂಬದಿಯಲ್ಲಿ ಇಂದಿಗೂ ಕಾಣಸಿಗುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಕೈಲಾಸ ಎಂಬ ಅವುಗಳ ವಿನ್ಯಾಸವು ಅಕ್ಷರ ಬಾರದವನಿಗೂ ಅರ್ಥವಾಗುವಂಥದು. ಇಂತಹ ನಾಡಿನಲ್ಲಿ, 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಬಾಗಿಲಲ್ಲಿ ನಡೆದ ಕದನಕ್ಕೆ ಸಂಬಂಧಿಸಿದ ಕಂಪನಿ ಕಾಲದ ಶಿಲಾಸ್ಮಾರಕವನ್ನು ಕಾಣಬೇಕೆಂದರೆ ಕಿತ್ತೂರಿನಿಂದ ಸುಮಾರು 30 ಕಿ.ಮೀ. ದೂರದ ಧಾರವಾಡಕ್ಕೆ ಹೋಗಬೇಕು. ಅದು ನಿಂತಿರುವುದು ಅಲ್ಲಿಯ ಹಳೆಯ ಯುರೋಪಿಯನ್ ಶ್ಮಶಾನದಲ್ಲಿ. ಅದು ಸ್ಮರಿಸುವುದು ಕೋಟೆಯನ್ನು ಕಾಯ್ದವರನ್ನಲ್ಲ, ಕೋಟೆಯ ಮೇಲೆ ದಂಡೆತ್ತಿ ಬಂದು ಸತ್ತ ಕಲೆಕ್ಟರನನ್ನು.

ಈ ಸ್ಥಳಾಂತರಕ್ಕೆ ಕಾರಣವೇನು, ಕಲ್ಲು ಇಲ್ಲದೆಡೆ ಜನರು ತಮ್ಮ ರಣಭೂಮಿಯನ್ನು ಯಾವ ಗುರುತುಗಳಿಂದ ನೆನಪಿಟ್ಟುಕೊಂಡರು ಎಂಬುದನ್ನು ಜಾನಪದದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಕಿತ್ತೂರಿನ ರಾಜಕೀಯ ಇತಿಹಾಸವನ್ನು ಅನೇಕ ವಿದ್ವಾಂಸರು ವಿಸ್ತಾರವಾಗಿ ಬರೆದಿರುವುದರಿಂದ ಅದನ್ನು ಇಲ್ಲಿ ಅಗತ್ಯವಿದ್ದಷ್ಟು ಮಾತ್ರ ಹೇಳಲಾಗುವುದು.

ಕಿತ್ತೂರಿನ ದೇಸಾಯಿ ಮಲ್ಲಸರ್ಜನು 1816ರಲ್ಲಿ ತೀರಿಕೊಂಡ ಮೇಲೆ ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು ಸಂಸ್ಥಾನದ ಅಧಿಕಾರ ವಹಿಸಿಕೊಂಡನು. 1818ರಲ್ಲಿ ಪೇಶ್ವೆಯ ವಿರುದ್ಧದ ಯುದ್ಧದಲ್ಲಿ ಕಿತ್ತೂರು ಕಂಪನಿಯ ಪಕ್ಷದಲ್ಲಿದ್ದಿತು ಎಂಬುದನ್ನು ಮರೆಯುವಂತಿಲ್ಲ. ಉತ್ಸವದ ಭಾಷಣಗಳಲ್ಲಿ ಈ ಸಂಗತಿ ಕೇಳಿಬರುವುದು ಕಡಿಮೆ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ಮರಣ ಹೊಂದಿದಾಗ, ಮಾಸ್ತಮರಡಿಯ ಬಾಲಕ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಆಗಿದ್ದ ಸೇಂಟ್ ಜಾನ್ ಥ್ಯಾಕರೆಯು ಮಾನ್ಯ ಮಾಡಲಿಲ್ಲ. ಭಂಡಾರಕ್ಕೆ ಮುದ್ರೆ ಒತ್ತಿಸಿ, ಕಾವಲು ಹಾಕಿಸಿ, ಆಡಳಿತವನ್ನು ಕೈಗೆ ತೆಗೆದುಕೊಳ್ಳಲು ಮುಂದಾದನು. ಮಲ್ಲಸರ್ಜನ ಕಿರಿಯ ರಾಣಿ, ಕಾಕತಿಯ ದೇಸಾಯರ ಮಗಳು ಚೆನ್ನಮ್ಮನು ಸರದಾರ ಗುರುಸಿದ್ದಪ್ಪ ಮೊದಲಾದವರೊಡನೆ ಎದುರು ನಿಂತಳು. ಅಕ್ಟೋಬರ್ 23ರಂದು ಮುಚ್ಚಿದ್ದ ಕೋಟೆಯ ಬಾಗಿಲನ್ನು ತೆರೆಯುವಂತೆ ಗಡುವು ಕೊಟ್ಟು ತೋಪುಗಳನ್ನು ಹೂಡಿದ್ದ ಥ್ಯಾಕರೆಯ ಮೇಲೆ ಕಿತ್ತೂರಿನ ಬಂಟರು ಹಠಾತ್ತನೆ ಬಾಗಿಲು ತೆರೆದು ಮುಗಿಬಿದ್ದರು. ಥ್ಯಾಕರೆ ಹತನಾದನು. ಅವನೊಡನೆ ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಅಧಿಕಾರಿಗಳೂ ಸತ್ತರು. ಸ್ಟೀವನ್ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಸಹಾಯಕರು ಸೆರೆಸಿಕ್ಕರು.

ಮುಂದಿನದು ಎಲ್ಲರಿಗೂ ತಿಳಿದದ್ದೇ. ಕಂಪನಿಯು ಹಲವು ಕಡೆಗಳಿಂದ ದಂಡನ್ನು ತರಿಸಿ, ಸೆರೆಯಾಳುಗಳನ್ನು ಬಿಡಿಸಿಕೊಂಡು, ಡಿಸೆಂಬರ್ ಮೊದಲ ವಾರದಲ್ಲಿ ಕೋಟೆಯನ್ನು ಮುತ್ತಿತು. ಡಿಸೆಂಬರ್ 5ರಂದು ಕೋಟೆ ಬಿದ್ದಿತು. ಈ ಎರಡನೆಯ ಕಾಳಗದಲ್ಲಿ ಸೊಲ್ಲಾಪುರದ ಸಬ್‌ಕಲೆಕ್ಟರನಾಗಿದ್ದ, ಥಾಮಸ್ ಮನ್ರೋನ ಬಂಧು ಮನ್ರೋ ಗಾಯಗೊಂಡು ಸತ್ತನು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. 1829ರ ಫೆಬ್ರುವರಿಯಲ್ಲಿ ಅವಳು ಅಲ್ಲಿಯೇ ಕಾಲವಾದಳು. ಅವಳ ಸಮಾಧಿಯೂ ಬೈಲಹೊಂಗಲದಲ್ಲಿಯೇ ಇದೆ. ಗೆದ್ದ ರಣಭೂಮಿಯೊಂದು ಊರಲ್ಲಿ, ಗೆದ್ದವಳ ಸಮಾಧಿ ಇನ್ನೊಂದು ಊರಲ್ಲಿ, ಸೋತವನ ಸ್ಮಾರಕ ಮೂರನೆಯ ಊರಲ್ಲಿ ಎಂಬ ಈ ಚದುರುವಿಕೆ ಕಿತ್ತೂರಿನ ಸ್ಮರಣೆಯ ಮೊದಲ ಲಕ್ಷಣವಾಗಿದೆ.

ಧಾರವಾಡದ ಸ್ಮಾರಕಕ್ಕೆ ಬರೋಣ. ಅಧಿಕಾರಿಗಳು ವಾಸಿಸುವ ಠಾಣ್ಯದಲ್ಲಿ, ಅವರ ಕುಟುಂಬದವರು ಭಾನುವಾರ ಹಾದುಹೋಗುವ ದಾರಿಯಲ್ಲಿ, ಅವರ ಭಾಷೆಯಲ್ಲಿ ಬರೆದ ಸಮಾಧಿಯ ಕಲ್ಲುಗಳು ಆ ಕಾಲದ ಎಲ್ಲ ಯುರೋಪಿಯನ್ ಶ್ಮಶಾನಗಳಲ್ಲಿಯೂ ಕಾಣುತ್ತವೆ. ಅವುಗಳ ಓದುಗರು ಯಾರೆಂಬುದು ಸ್ಪಷ್ಟ. ಥ್ಯಾಕರೆಯ ಮನೆತನದಲ್ಲಿ ಭಾರತಕ್ಕೆ ಬಂದು ಇಲ್ಲಿಯೇ ಮಣ್ಣಾದವರು ಹಲವರು. ಪ್ರಸಿದ್ಧ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಈ ಸೇಂಟ್ ಜಾನ್ ಚಿಕ್ಕಪ್ಪನಾಗಬೇಕು. ವಿಲಿಯಂ ವಿಲ್ಸನ್ ಹಂಟರನು 1897ರಲ್ಲಿ ಈ ಮನೆತನದ ಕುರಿತು ಒಂದು ಪುಸ್ತಕವನ್ನೇ ಬರೆದನು. ಅದರ ಹೆಸರಿನಲ್ಲಿಯೇ ಗೋರಿಗಳ ಪ್ರಸ್ತಾಪವಿದೆ. ಅಂದರೆ ಕಲ್ಲಿನ ಹಿಂದೆ ಪುಸ್ತಕ, ಪುಸ್ತಕದ ಹಿಂದೆ ಗ್ರಂಥಾಲಯ, ಅದರ ಹಿಂದೆ ಒಂದು ಸರಕಾರ ನಿಂತಿದ್ದವು. ಆ ಸರಕಾರ 1947ರಲ್ಲಿ ಹೊರಟುಹೋದ ಮೇಲೆ ಆ ಕಲ್ಲಿಗೆ ಹೂವಿಡುವವರು ಉಳಿಯಲಿಲ್ಲ. ಇಂದು ಅದು ಸಂಶೋಧಕರು ಹುಡುಕಿಕೊಂಡು ಹೋಗುವ ವಸ್ತುವಾಗಿದೆಯೇ ಹೊರತು ಊರಿನ ಸ್ಮರಣೆಯ ಭಾಗವಾಗಿಲ್ಲ.

ಕಂಪನಿಯು ರಣಭೂಮಿಯಲ್ಲಿಯೇ ಸ್ತಂಭ ನಿಲ್ಲಿಸುತ್ತಿರಲಿಲ್ಲವೆಂದು ಇದರಿಂದ ತಿಳಿಯಬಾರದು. ಕಿತ್ತೂರಿನ ಘಟನೆಗೆ ಆರು ವರ್ಷ ಮೊದಲು, 1818ರ ಜನವರಿ 1ರಂದು, ಪುಣೆಯ ಸಮೀಪ ಭೀಮಾನದಿಯ ದಂಡೆಯ ಕೋರೆಗಾಂವದಲ್ಲಿ ಪೇಶ್ವೆಯ ಸೈನ್ಯದೊಡನೆ ಕಾದಿದ ತುಕಡಿಯ ನೆನಪಿಗೆ ಅದು ಅಲ್ಲಿಯೇ ವಿಜಯಸ್ತಂಭವನ್ನು ಕಟ್ಟಿಸಿತು. ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಬರೆಸಿತು. ಸತ್ತ 49 ಮಂದಿಯ ಹೆಸರುಗಳನ್ನು ಕೆತ್ತಿಸಿತು. ಅವುಗಳಲ್ಲಿ 22 ಹೆಸರುಗಳು ಮಹಾರ್ ಸಿಪಾಯಿಗಳವೆಂದು ಗುರುತಿಸಲಾಗಿದೆ. ಕಂಪನಿಯು ತನ್ನ ಪರಾಕ್ರಮಕ್ಕೆಂದು ಕಟ್ಟಿಸಿದ ಆ ಕಲ್ಲು, 1927ರ ಜನವರಿ 1ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ಅಲ್ಲಿಗೆ ಭೇಟಿಯಿತ್ತ ಮೇಲೆ, ಆ 22 ಹೆಸರುಗಳ ವಾರಸುದಾರರ ಸ್ವಾಭಿಮಾನದ ಕಲ್ಲಾಯಿತು. ಕಟ್ಟಿಸಿದವನ ಅರ್ಥ ಒಂದು, ಬಂದು ಕೈಮುಗಿಯುವವನ ಅರ್ಥ ಇನ್ನೊಂದು. ಹೆಸರುಗಳು ಕಲ್ಲಿನ ಮೇಲೆ ಇದ್ದುದರಿಂದಲೇ ಇದು ಸಾಧ್ಯವಾಯಿತೆಂಬುದನ್ನು ಲಕ್ಷಿಸಬೇಕು.

ಕಿತ್ತೂರಿನಲ್ಲಿ ಕಂಪನಿಗೆ ಇಂತಹ ಸ್ತಂಭ ಬೇಕಿರಲಿಲ್ಲ. ಅಕ್ಟೋಬರ್ 23 ಅದರ ಪಾಲಿಗೆ ಅವಮಾನದ ದಿನ. ಡಿಸೆಂಬರ್ 5 ಗೆಲುವಿನ ದಿನವೇ ಆದರೂ, ಗಂಡ ಸತ್ತ ಹೆಂಗಸೊಬ್ಬಳ ಸಂಸ್ಥಾನವನ್ನು ದೊಡ್ಡ ದಂಡು ತಂದು ಒಡೆದ ಗೆಲುವು ಅದು. ಅದಕ್ಕೆ ವಿಜಯಸ್ತಂಭ ಕಟ್ಟಿಸಿ ಮೆರೆಯುವ ಉಮೇದು ಅಧಿಕಾರಿಗಳಿಗೆ ಇದ್ದಿರಲಾರದು. ಇದು ನನ್ನ ಊಹೆ. ಕಾಗದಪತ್ರದ ಆಧಾರ ಹೇಳಿ ಈ ಮಾತನ್ನು ಬರೆಯುತ್ತಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿಷಯಾಂತರವೆನಿಸಿದರೂ ಹೇಳಲೇಬೇಕು. ಕಿತ್ತೂರಿನಲ್ಲಿ ಸುಮಾರು ಆರು ವಾರ ಸೆರೆಯಲ್ಲಿದ್ದ ಎಲಿಯಟ್ ಬೇರಾರೂ ಅಲ್ಲ, ಮುಂದೆ ಸರ್ ವಾಲ್ಟರ್ ಎಲಿಯಟ್ ಎಂದು ಪ್ರಸಿದ್ಧನಾದವನು. ಆಗ ಅವನಿಗೆ ಇಪ್ಪತ್ತೊಂದರ ಆಸುಪಾಸಿನ ವಯಸ್ಸು. ಬಿಡುಗಡೆಯಾದ ಮೇಲೆ ಅವನು 1833ರವರೆಗೆ ಇದೇ ಸೀಮೆಯಲ್ಲಿ ಕೆಲಸ ಮಾಡಿದನು. ಆ ವರ್ಷಗಳಲ್ಲಿಯೇ ಊರೂರಿನ ಶಾಸನಗಳನ್ನು ಪ್ರತಿ ಮಾಡಿಸತೊಡಗಿದನು. ಹೀಗೆ ಕೂಡಿಹಾಕಿದ 595 ಶಾಸನಗಳ ಹಸ್ತಪ್ರತಿ ಸಂಕಲನ ಮತ್ತು 1837ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ಪ್ರಕಟಿಸಿದ ಲೇಖನ, ಚಾಲುಕ್ಯರ ಇತಿಹಾಸವನ್ನು ಆಧುನಿಕ ವಿದ್ವತ್ತಿಗೆ ತೆರೆದ ಮೊದಲ ಬಾಗಿಲುಗಳು. ಕಿತ್ತೂರಿನ ಕೋಟೆಯೊಳಗೆ ಕೈದಿಯಾಗಿದ್ದವನೇ ಕನ್ನಡದ ಕಲ್ಲುಗಳನ್ನು ಮೊದಲು ಓದಿಸಿದವರಲ್ಲಿ ಒಬ್ಬನಾದನು ಎಂಬುದು ಇತಿಹಾಸದ ವಿಚಿತ್ರಗಳಲ್ಲಿ ಒಂದು.

ಇದಕ್ಕೆ ಜೋಡಿಯಾದ ಇನ್ನೊಂದು ವಿಚಿತ್ರವಿದೆ. ಎಲಿಯಟ್‌ನ ಸಂಗ್ರಹವನ್ನು ಮುಂದಿನ ತಲೆಮಾರಿನಲ್ಲಿ ಬಳಸಿಕೊಂಡವನು ಜಾನ್ ಫೇಯ್ತ್‌ಫುಲ್ ಫ್ಲೀಟ್. ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿ ಬರೆದ, ಸರಕಾರದ ಶಾಸನತಜ್ಞನೆಂದು ನೇಮಕಗೊಂಡ ಈ ಫ್ಲೀಟನು 1885ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳ ಸಂಕಲನವೊಂದನ್ನು ಕಂತುಗಳಲ್ಲಿ ಪ್ರಕಟಿಸಿದನು. ಅದರಲ್ಲಿ ಸಂಗೊಳ್ಳಿ ರಾಯಣ್ಣನ ದಂಗೆಯ ಲಾವಣಿಯಿದೆ, 1857ರಲ್ಲಿ ಹಲಗಲಿಯ ಬೇಡರು ಹತಾರ ಕೊಡಲೊಪ್ಪದೆ ಕಾದಿದ ಲಾವಣಿಯಿದೆ. ಶಿಲಾಶಾಸನಗಳ ಒಂದೊಂದು ಅಕ್ಷರಕ್ಕೂ ತಲೆಕೆಡಿಸಿಕೊಳ್ಳುತ್ತಿದ್ದ ಪಂಡಿತನಿಗೆ, ತನ್ನ ಸರಕಾರದ ವಿರುದ್ಧ ಎದ್ದವರ ಹಾಡೂ ದಾಖಲೆಯೆಂದು ತೋಚಿತು. ಅವನ ಉದ್ದೇಶ ಭಾಷಾಭ್ಯಾಸವೇ ಇರಲಿ, ಆಡಳಿತಗಾರನ ಕುತೂಹಲವೇ ಇರಲಿ, ಆ ಕಾಲದ ಪಾಠ ನಮಗೆ ಉಳಿದದ್ದು ಅವನಿಂದ. ಆದರೆ ನಮ್ಮ ಶಾಸನಶಾಸ್ತ್ರವು ಎಲಿಯಟ್ ಮತ್ತು ಫ್ಲೀಟರನ್ನು ತನ್ನ ಪೂರ್ವಸೂರಿಗಳೆಂದು ನೆನೆಯುತ್ತದೆ, ಜಾನಪದವು ಫ್ಲೀಟನ ಲಾವಣಿಗಳನ್ನು ತನ್ನ ಆರಂಭವೆಂದು ನೆನೆಯುತ್ತದೆ. ಈ ಎರಡು ಶಿಸ್ತುಗಳು ಮಾತ್ರ ಒಂದರ ಅಂಗಳಕ್ಕೆ ಇನ್ನೊಂದು ಬರುವುದು ಅಪರೂಪ. ಕಿತ್ತೂರಿನ ಪ್ರಶ್ನೆಗೆ ಎರಡೂ ಬೇಕು.

ಏಕೆಂದರೆ, ಕಿತ್ತೂರಿನವರು ತಮ್ಮ ಸತ್ತವರಿಗೆ ಹಳೆಯ ರೀತಿಯ ವೀರಗಲ್ಲುಗಳ ಸಾಲನ್ನು ಏಕೆ ನಿಲ್ಲಿಸಲಿಲ್ಲ ಎಂಬುದಕ್ಕೆ ಉತ್ತರವನ್ನು ಹಳೆಯ ಶಾಸನಗಳಲ್ಲಿಯೇ ಹುಡುಕಬೇಕಾಗುತ್ತದೆ. ವೀರಗಲ್ಲು ಒಂಟಿಯಾಗಿ ನಿಲ್ಲುವ ಕಲ್ಲಲ್ಲ. ಅದರ ಹಿಂದೆ ಭೂಮಿ ಇರುತ್ತದೆ. ಸತ್ತವನ ಮನೆಯವರಿಗೆ ಒಡೆಯನೋ ಊರೋ ಬಿಟ್ಟುಕೊಡುವ ಹೊಲಕ್ಕೆ ನೆತ್ತರುಗೊಡಗೆ ಎಂಬ ಹೆಸರಿದ್ದಿತು. ವೀರನಿಗೆ ಕತ್ತಿ ತೊಳೆದು ಕೊಡುವ ಉಂಬಳಿಗೆ ಬಾಳ್ಗಳ್ಚು ಎನ್ನುತ್ತಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನ ಪ್ರಸಿದ್ಧ ಶಾಸನವನ್ನೇ (ಕ್ರಿ.ಶ. 949-50) ನೋಡಬಹುದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗನು ಆತಕೂರನ್ನು ಬಾಳ್ಗಳ್ಚಾಗಿ ಕೊಟ್ಟನು. ಮಣಲೆರನು ಒಡೆಯನಿಂದ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಕಾದಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಆ ಕಲ್ಲಿಗೆ ಮಣ್ಣು ಬಿಟ್ಟು, ಅದನ್ನು ಪೂಜಿಸುವ ಹೊಣೆಯನ್ನು ಗೊರವನಿಗೆ ವಹಿಸಿದನು. ಪೂಜಿಸದೆ ಉಂಡರೆ ಗೊರವನಿಗೆ ಪಾಪ ತಟ್ಟುವುದೆಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಕಲ್ಲು, ಕಲ್ಲಿಗೊಂದು ಹೊಲ, ಹೊಲವನ್ನುಂಡು ಕಲ್ಲನ್ನು ಕಾಯುವವನೊಬ್ಬ. ಈ ಮೂರೂ ಕೂಡಿದರೆ ಮಾತ್ರ ಸ್ಮಾರಕ ಎಂಬುದು ನಮ್ಮ ಪೂರ್ವಿಕರ ವ್ಯವಹಾರಜ್ಞಾನವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ವೀರಗಲ್ಲಿನ ವಾಡಿಕೆ ಬಹುಮಟ್ಟಿಗೆ ಕ್ಷೀಣಿಸಿತ್ತು, ನಿಜ. ಆದರೆ ಅದರ ಅಡಿಪಾಯವಾದ ಭೂಮಿಯ ಸಂಬಂಧ ಕಿತ್ತೂರಿನಲ್ಲಿ ಜೀವಂತವಾಗಿದ್ದಿತು. ಕಿತ್ತೂರಿನ ಬಲದ ಬೆನ್ನೆಲುಬು ಶೇತಸನದಿಗಳು. ಸನದಿನ ಮೂಲಕ ಹೊಲ ಪಡೆದು, ಅದಕ್ಕೆ ಬದಲಾಗಿ ಊರಿನ ಕಾವಲು ಕಾಯ್ದು, ಕರೆ ಬಂದಾಗ ಕತ್ತಿ ಹಿಡಿದು ಹೋಗುವವರು ಅವರು. 1824ರ ಡಿಸೆಂಬರಿನ ನಂತರ ಕರೆಯುವ ದೊರೆ ಇಲ್ಲವಾದನು. ಆಮೇಲೆ ಸನದಿನ ಹೊಲಗಳ ಮೇಲೆ ಕಂಪನಿಯ ತೆರಿಗೆಯ ಕಣ್ಣು ಬಿದ್ದಿತು. ಸತ್ತವನ ಮನೆಗೆ ನೆತ್ತರುಗೊಡಗೆ ಕೊಡುವ ಕೈ ಹೋಗಲಿ, ಇದ್ದ ಹೊಲವೇ ಕೈಬಿಡುವ ಕಾಲ ಅದು. ಇಂತಹ ಕಾಲದಲ್ಲಿ ಕಲ್ಲು ಕಡೆಸುವವರಾರು, ಕಡೆಸಿದರೂ ಕಾಯುವವರಾರು? ಕಿತ್ತೂರಿನ ರಣಭೂಮಿ ಮೂಕವಾದದ್ದಕ್ಕೆ ಭಯ ಒಂದು ಕಾರಣವಾಗಿರಬಹುದು. ಅದಕ್ಕಿಂತ ಆಳದ ಕಾರಣ ಭೂಮಿಯದು ಎಂಬುದು ನನ್ನ ಅಭಿಪ್ರಾಯ.

ಸಂಗೊಳ್ಳಿಯ ರಾಯಣ್ಣ ಇಂತಹ ಒಬ್ಬ ಶೇತಸನದಿ. 1824ರಲ್ಲಿ ಕಾದಿದವನು. ಅವನ ಹೊಲದ ಒಂದು ಭಾಗವನ್ನು ಕಿತ್ತುಕೊಂಡು ಉಳಿದುದರ ಮೇಲೆ ಹೆಚ್ಚಿನ ತೆರಿಗೆ ಹೇರಿದುದು ಅವನ ಬಂಡಾಯದ ಹಿನ್ನೆಲೆಯಲ್ಲಿದೆ. ಬಾಕಿಯ ವಸೂಲಿಗಾಗಿ ಅವನ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೊರಿಸಿ ನಿಲ್ಲಿಸಿದರೆಂಬ ಕಥೆ ಆ ಸೀಮೆಯಲ್ಲಿ ವ್ಯಾಪಕವಾಗಿ ಪ್ರಚಲಿತವಿದೆ. ಈ ಕಥೆಯನ್ನು ಕಂದಾಯದ ದಫ್ತರದ ಪುಟದಂತೆ ಓದಬೇಕಾಗಿಲ್ಲ. ಆದರೆ ವೀರನಿಗೆ ನಿಲ್ಲಬೇಕಾಗಿದ್ದ ಕಲ್ಲು ವೀರನ ತಾಯಿಯ ಬೆನ್ನಿಗೆ ಬಂದಿತು ಎಂದು ಒಂದು ಸಮುದಾಯ ನೆನಪಿಟ್ಟುಕೊಂಡಿರುವುದನ್ನು ಜಾನಪದ ವಿದ್ಯಾರ್ಥಿಯು ಕಡೆಗಣಿಸಲಾಗದು. ಒಡೆತನ ತಪ್ಪಿದ ಭೂಮಿ, ಭಾರವಾದ ಕಲ್ಲು, ಬಾಗಿದ ತಾಯಿ: ಇಡೀ ಬಂಡಾಯದ ಅರ್ಥವನ್ನು ಜನರು ಈ ಒಂದು ಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ.

1829-30ರಲ್ಲಿ ರಾಯಣ್ಣನು ದತ್ತುಪುತ್ರ ಶಿವಲಿಂಗಪ್ಪನ ಹಕ್ಕಿನ ಹೆಸರಿನಲ್ಲಿ ಜನ ಕೂಡಿಸಿ, ಬೀಡಿಯ ಕಚೇರಿಯನ್ನು ಸುಟ್ಟು, ಸಂಪಗಾವಿಯತ್ತ ನುಗ್ಗಿ, ಕಾಡಿನಲ್ಲಿ ಅಲೆಯುತ್ತ ತಿಂಗಳುಗಟ್ಟಲೆ ಕಾದಾಡಿದನು. ಅವನ ಸಂಗಡಿಗರಲ್ಲಿ ಸಿದ್ದಿ ಜನಾಂಗದ ಗಜವೀರನ ಹೆಸರು ಇಂದಿಗೂ ಜನರ ಬಾಯಲ್ಲಿದೆ. 1830ರ ಏಪ್ರಿಲಿನಲ್ಲಿ ಅವನನ್ನು ಮೋಸದಿಂದ ಹಿಡಿದರು. 1831ರ ಜನವರಿ 26ರಂದು ಈಗಿನ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಗೋರಿಯ ಮೇಲೆ ಆಪ್ತ ಸಂಗಾತಿ ಬಿಚ್ಚುಗತ್ತಿ ಚನ್ನಬಸಪ್ಪನು ಆಲದ ಸಸಿಯನ್ನು ನೆಟ್ಟನೆಂದು ಐತಿಹ್ಯ ಹೇಳುತ್ತದೆ. ಆ ಆಲವೇ ಇಂದು ನಂದಗಡದ ಸ್ಮಾರಕ.

ನಂದಗಡದ ಆಲದ ಕೆಳಗೆ ನಿಂತವರಿಗೆ ಕೊಂಬೆಗಳಿಗೆ ಕಟ್ಟಿದ ಚಿಕ್ಕ ಚಿಕ್ಕ ತೊಟ್ಟಿಲುಗಳು ಕಾಣುತ್ತವೆ. ಮಕ್ಕಳಿಲ್ಲದವರು ರಾಯಣ್ಣನಂಥ ಮಗ ಹುಟ್ಟಲೆಂದು ಹರಕೆ ಹೊತ್ತು ಕಟ್ಟಿದ ತೊಟ್ಟಿಲುಗಳು ಅವು. ಗಲ್ಲಿಗೇರಿದವನ ಗೋರಿಯ ಮೇಲಿನ ಮರ ಸಂತಾನ ಕೊಡುವ ಮರವಾದುದನ್ನು ಮೂಢನಂಬಿಕೆಯೆಂದು ಬದಿಗಿಡುವ ವಿದ್ವಾಂಸರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕಿತ್ತೂರಿನ ಬಿಕ್ಕಟ್ಟು ಆರಂಭವಾದದ್ದು ಸಂತಾನವಿಲ್ಲದ ದೊರೆಯ ಸಾವಿನಿಂದ, ದತ್ತಕವನ್ನು ಒಪ್ಪದ ಸರಕಾರದಿಂದ. ಏಳು ವರ್ಷಗಳ ತರುವಾಯ ಅದು ಮುಗಿದ ಸ್ಥಳದಲ್ಲಿ ಜನರು ಬೇಡುವುದು ಮಗುವನ್ನು. ಈ ಎರಡರ ನಡುವೆ ಪ್ರಜ್ಞಾಪೂರ್ವಕ ಸಂಬಂಧವಿದೆಯೆಂದು ಹೇಳುವುದು ಅತಿಯಾದೀತು. ವಂಶವು ತುಂಡಾಗಬಾರದೆಂಬ ಆಸೆಯ ಎಳೆ ಮಾತ್ರ ಎರಡರಲ್ಲಿಯೂ ಒಂದೇ. ಕಾರ್ಯದ ದೃಷ್ಟಿಯಿಂದ ನೋಡಿದರೆ, ಆತಕೂರಿನ ಗೊರವನಿಗೆ ಹೊಲ ವಿಧಿಸಿದ ಹೊಣೆಯನ್ನು ಇಲ್ಲಿ ಹರಕೆ ವಿಧಿಸುತ್ತದೆ. ಹರಕೆ ಹೊತ್ತವಳು ತಿರುಗಿ ಬರಲೇಬೇಕು. ಉಂಬಳಿಯಿಲ್ಲದೆ, ಅರ್ಚಕನಿಲ್ಲದೆ, ಸರಕಾರದ ಅನುದಾನವಿಲ್ಲದೆ ಒಂದು ಗೋರಿಯ ಗುರುತು ಶತಮಾನ ದಾಟಿ ಉಳಿದದ್ದು ಈ ತಿರುಗಿ ಬರುವ ಹೆಜ್ಜೆಗಳಿಂದ.

ಮುಂದೆ ಆ ಮರದ ಬಳಿ ಅಶೋಕಸ್ತಂಭವೊಂದು ಬಂದಿತು. ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26 ಎಂಬ ಹೊಂದಾಣಿಕೆಯನ್ನು ಇಂದು ಸಭೆಗಳಲ್ಲಿ ವಿಶೇಷವಾಗಿ ಹೇಳುತ್ತಾರೆ. ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನಗಳ ನಡುವೆ ಅವನ ಬಾಳನ್ನು ಇಟ್ಟು ನೋಡುವ ಈ ಕ್ರಮವೂ ಐತಿಹ್ಯ ಕಟ್ಟುವ ಕ್ರಮವೇ. ಐತಿಹ್ಯ ಹುಟ್ಟುವುದು ಹಳ್ಳಿಯ ಅಜ್ಜಿಯರ ಬಾಯಲ್ಲಿ ಮಾತ್ರವಲ್ಲ.

ಹಾಡುಗಳ ವಿಷಯ ಬೇರೆಯೇ ಆದ ಎಚ್ಚರವನ್ನು ಬೇಡುತ್ತದೆ. ಬೆಳಗಾವಿ, ಧಾರವಾಡ, ಬಾಗಲಕೋಟೆ ಸೀಮೆಗಳಲ್ಲಿ ದಪ್ಪು, ತುಂತುಣಿ, ತಾಳಗಳೊಡನೆ ಹಾಡುವ ಗೀಗೀ ಮೇಳಗಳು ಕಿತ್ತೂರು ಮತ್ತು ಸಂಗೊಳ್ಳಿಯ ಕಥೆಗಳನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿವೆ. ಮುಮ್ಮೇಳದವನು ಊರುಗಳ, ಮನೆತನಗಳ, ವ್ಯಕ್ತಿಗಳ ಹೆಸರುಗಳನ್ನು ಸಾಲಾಗಿ ಹೇಳುತ್ತ ಹೋಗುವುದು ಈ ಹಾಡುಗಳ ಗುಣ. ಥ್ಯಾಕರೆಯನ್ನು ಗುಂಡಿಕ್ಕಿ ಕೆಡವಿದವನು ಅಮಟೂರ ಬಾಳಪ್ಪ ಎಂದು ಜನಸ್ಮರಣೆ ಹೇಳುತ್ತದೆ. ವೀರಗಲ್ಲಿನಲ್ಲಿ ಕೆತ್ತಬೇಕಾಗಿದ್ದ ಹೆಸರನ್ನು ಹಾಡು ಹೊತ್ತುಕೊಂಡಿತು. ಅಮಟೂರು ಎಂಬ ಊರಿನ ಹೆಸರಿಲ್ಲದೆ ಬಾಳಪ್ಪನ ಹೆಸರನ್ನು ಯಾರೂ ಹೇಳುವುದಿಲ್ಲ, ಸಂಗೊಳ್ಳಿಯ ಹೆಸರಿಲ್ಲದೆ ರಾಯಣ್ಣನನ್ನು ಕರೆಯುವುದಿಲ್ಲ. ರಣಭೂಮಿಯಲ್ಲಿ ಗುರುತಿಲ್ಲದಿದ್ದರೂ ರಣಭೂಮಿಗೆ ಬಂದವರ ಊರುಗಳ ನಕ್ಷೆಯೊಂದು ಹಾಡಿನಲ್ಲಿ ಉಳಿಯಿತು. ಸ್ಮಾರಕದ ಕೆಲಸ ಎಂದರೆ ಇದೇ ಅಲ್ಲವೆ?

ಆದರೆ ಹಾಡು ಹೇಳುವುದೆಲ್ಲ ನಡೆದದ್ದೇ ಎಂದು ನಂಬುವುದು ಹಾಡಿಗೂ ನ್ಯಾಯವಲ್ಲ. ಕೋಟೆ ಬಿದ್ದುದಕ್ಕೆ ಜನಕಥನ ಕೊಡುವ ಕಾರಣ ಮದ್ದಿನ ಮನೆಯಲ್ಲಿ ನಡೆದ ದ್ರೋಹ. ಮಲ್ಲಪ್ಪಶೆಟ್ಟಿ, ವೆಂಕಟರಾಯರೆಂಬ ಕಾರಭಾರಿಗಳು ಒಳಗೊಳಗೇ ಕಂಪನಿಯ ಪರವಾಗಿದ್ದರೆಂದೂ ಮದ್ದಿಗೆ ಸಗಣಿ ಬೆರೆತಿತ್ತೆಂದೂ ಅದರಿಂದಾಗಿ ತೋಪುಗಳು ಹಾರಲಿಲ್ಲವೆಂದೂ ಹೇಳುವ ಪ್ರಸಂಗವನ್ನು ನಾಟಕ, ಸಣ್ಣಾಟ, ಚಲನಚಿತ್ರಗಳ ಮೂಲಕ ಇಡೀ ನಾಡೇ ಬಲ್ಲದು. ಕಂಪನಿಯತ್ತ ವಾಲಿದ ಅಧಿಕಾರಿಗಳು ಕಿತ್ತೂರಿನಲ್ಲಿ ಇದ್ದರೆಂಬುದರಲ್ಲಿ ಅನುಮಾನವಿಲ್ಲ. ಆದರೆ ಒಂದು ಚಿಕ್ಕ ಸಂಸ್ಥಾನದ ಮೇಲೆ ಹಲವು ಕಡೆಯ ದಂಡು ಭಾರಿ ತೋಪುಗಳೊಡನೆ ಬಂದೆರಗಿದಾಗ ಕೋಟೆ ಬೀಳಲು ಸಗಣಿ ಬೇಕಾಗಿರಲಿಲ್ಲ. ಸೋಲನ್ನು ಒಳಗಿನ ಮೋಸದಿಂದ ವಿವರಿಸುವುದು ವೀರಕಾವ್ಯಗಳ ಸಾಮಾನ್ಯ ಆಶಯ. ರಾಯಣ್ಣನ ಸೆರೆಯ ಕಥೆಯಲ್ಲಿಯೂ ಅದೇ ಆಶಯ ಮರುಕಳಿಸುತ್ತದೆ. ನಮ್ಮವರು ಬಲದಲ್ಲಿ ಸೋತವರಲ್ಲ, ಮೋಸದಿಂದ ಬಿದ್ದವರು ಎಂದು ಹೇಳಿಕೊಳ್ಳದೆ ಆ ಸೋಲಿನೊಡನೆ ಬಾಳುವುದು ಕಷ್ಟವಾಗಿದ್ದಿರಬೇಕು. ಹಾಡುಗಾರನ ಈ ಅಗತ್ಯವನ್ನು ತಿಳಿದುಕೊಂಡರೆ ಸಾಕು, ಅದನ್ನು ಪಠ್ಯಪುಸ್ತಕದ ಸತ್ಯವಾಗಿಸಬೇಕಾಗಿಲ್ಲ. ದ್ರೋಹಿಗಳ ಹೆಸರು ನೆನಪಿಡುವ ಉತ್ಸಾಹದಲ್ಲಿ, ಡಿಸೆಂಬರಿನ ಮೂರು ದಿನ ಕೋಟೆಯ ಮೇಲೆ ನಿಂತು ಸತ್ತವರ ಹೆಸರುಗಳನ್ನು ಮರೆತದ್ದು ಮಾತ್ರ ನಮ್ಮ ಕಾಲದ ತಪ್ಪು.

ಏಕೀಕರಣದ ನಂತರ ಕಿತ್ತೂರಿನ ಸ್ಮರಣೆಗೆ ಹೊಸ ಪೋಷಕನೊಬ್ಬ ದೊರೆತನು. ಅವನು ಸರಕಾರ. 1961ರಲ್ಲಿ ಬಿ.ಆರ್. ಪಂತುಲು ಅವರ ಚಲನಚಿತ್ರ ಬಂದಿತು. ಕಿತ್ತೂರಿನ ಕೋಟೆಯ ಆವರಣದಲ್ಲಿ 1967ರಲ್ಲಿ ಸರಕಾರಿ ವಸ್ತುಸಂಗ್ರಹಾಲಯ ತೆರೆಯಿತು. 1977ರಲ್ಲಿ ಅಂಚೆಚೀಟಿ ಬಂದಿತು. 2007ರ ಸೆಪ್ಟೆಂಬರ್ 11ರಂದು ದೆಹಲಿಯ ಸಂಸತ್ ಭವನದ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ಅನಾವರಣಗೊಂಡಿತು. 2015ರಲ್ಲಿ ಬೆಂಗಳೂರಿನ ರೈಲು ನಿಲ್ದಾಣಕ್ಕೆ ರಾಯಣ್ಣನ ಹೆಸರನ್ನಿಡಲಾಯಿತು. ಹುಬ್ಬಳ್ಳಿ, ಬೆಳಗಾವಿಗಳ ಚೆನ್ನಮ್ಮ ವೃತ್ತಗಳಂತೂ ಆ ನಗರಗಳ ನಡುಬಿಂದುಗಳೇ ಆಗಿವೆ. ಬಸ್ಸಿನಿಂದ ಇಳಿಯುವವನು ಚೆನ್ನಮ್ಮ ಸರ್ಕಲ್ ಎಂದು ಟಿಕೆಟ್ ಕೇಳುವಾಗ ಯಾವ ಕದನವನ್ನೂ ನೆನೆಯುವುದಿಲ್ಲ. ಹೆಸರು ದಿನಬಳಕೆಗೆ ಇಳಿದು ಉಳಿಯುವ ಬಗೆಯಿದು, ಇದರಲ್ಲಿ ದೂರುವಂಥದೇನೂ ಇಲ್ಲ. ಈ ಎಲ್ಲ ಗೌರವಗಳೂ ಸಲ್ಲಬೇಕಾದವೇ. ಆದರೆ ಇವೆಲ್ಲ ಇಬ್ಬರ ಸುತ್ತ ನಿಂತಿವೆ. ಹಾಡು ಹತ್ತಾರು ಹೆಸರುಗಳನ್ನು ಹೇಳಿದರೆ ಪ್ರತಿಮೆ ಒಂದೇ ಹೆಸರನ್ನು ಹೇಳುತ್ತದೆ.

ದಿನಾಂಕದ ವಿಷಯವೂ ಹೀಗೆಯೇ. ಪ್ರತಿವರ್ಷ ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವ ನಡೆಯುತ್ತದೆ. 2024ರಲ್ಲಿ ವಿಜಯದ 200ನೆಯ ವರ್ಷವನ್ನು ವಿಜೃಂಭಣೆಯಿಂದ ಆಚರಿಸಲಾಯಿತು. ಡಿಸೆಂಬರ್ 5ಕ್ಕೆ ಅಂತಹ ಉತ್ಸವವಿಲ್ಲ. ಗೆಲುವಿನ ದಿನವನ್ನು ಹಬ್ಬವಾಗಿಸುವುದು ಸಹಜ. ಆದರೆ ಕಿತ್ತೂರಿನವರು ಹೆಚ್ಚು ಸಂಖ್ಯೆಯಲ್ಲಿ ನೆಲಕ್ಕೆ ಬಿದ್ದದ್ದು, ಅರಮನೆ ಕೊಳ್ಳೆಹೋದದ್ದು, ಸನದಿನ ಬದುಕು ಕೊನೆಗಂಡದ್ದು ಆ ಡಿಸೆಂಬರಿನಲ್ಲಿ. ವೀರಗಲ್ಲು ನಿಲ್ಲುತ್ತಿದ್ದುದು ಗೆದ್ದವನಿಗಲ್ಲ, ಕಾದಿ ಸತ್ತವನಿಗೆ. ಆ ಲೆಕ್ಕದಲ್ಲಿ ನಮ್ಮ ಸಂಪ್ರದಾಯಕ್ಕೆ ಹತ್ತಿರವಾದ ದಿನ ಅಕ್ಟೋಬರಿನದಲ್ಲ.

ಕೋಟೆಯನ್ನು ನೋಡಲು ಬರುವವರಿಗೆ ಕುಸಿದ ಅರಮನೆಯ ಗೋಡೆಗಳು, ಧ್ರುವತಾರೆಯನ್ನು ನೋಡಲು ಗೋಡೆಯಲ್ಲಿ ಬಿಟ್ಟ ಕಿಂಡಿ, ವಸ್ತುಸಂಗ್ರಹಾಲಯದ ಕತ್ತಿಗಳು ಕಾಣುತ್ತವೆ. ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಥ್ಯಾಕರೆ ಬಿದ್ದದ್ದು ಎಲ್ಲಿ, ನಮ್ಮವರು ಬಿದ್ದದ್ದು ಎಲ್ಲಿ? ಬಾಗಿಲಿನ ಹೊರಗಿನ ಬಯಲನ್ನು ಕೈಮಾಡಿ ತೋರಿಸುತ್ತೇನೆ. ಅಲ್ಲಿ ಸತ್ತವರಲ್ಲಿ ಕಂಪನಿಯ ಸಂಬಳ ಉಣ್ಣುತ್ತಿದ್ದ ದೇಶೀಯ ಸಿಪಾಯಿಗಳೂ ಇದ್ದರೆಂದು ಹೇಳಿದಾಗ ಮಕ್ಕಳು ಸುಮ್ಮನಾಗುತ್ತಾರೆ. ಅವರಿಗೆ ಧಾರವಾಡದ ಶ್ಮಶಾನದಲ್ಲಿ ಥ್ಯಾಕರೆಯ ಪಕ್ಕದಲ್ಲಿ ಜಾಗ ಸಿಗಲಿಲ್ಲ, ಕಿತ್ತೂರಿನ ಹಾಡಿನಲ್ಲಿಯೂ ಸಿಗಲಿಲ್ಲ.

ಮುಂದೆ ಆ ಬಯಲಿನಲ್ಲಿ ಯಾವುದೇ ಫಲಕ ಅಥವಾ ಕಲ್ಲು ನಿಲ್ಲಿಸುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಫ್ಲೀಟನ ಪಾಠವನ್ನೂ ಆಮೇಲೆ ಸಂಗ್ರಹವಾದ ಲಾವಣಿ, ಗೀಗೀ ಪದಗಳನ್ನೂ ಎದುರಿಗಿಟ್ಟುಕೊಂಡು ಅವುಗಳಲ್ಲಿ ಬರುವ ವ್ಯಕ್ತಿ ಹಾಗೂ ಊರಿನ ಹೆಸರುಗಳನ್ನೆಲ್ಲ ಹೆಕ್ಕಬೇಕು. ಆ ಹೆಸರುಗಳನ್ನು ಮುಂಬಯಿ ಪತ್ರಾಗಾರದ ಕಂಪನಿ ಕಾಲದ ಕಡತಗಳೊಡನೆ, ಶೇತಸನದಿ ಹೊಲಗಳ ಹಳೆಯ ಲೆಕ್ಕಪತ್ರಗಳೊಡನೆ ಹೋಲಿಸಬೇಕು. ಎರಡರಲ್ಲಿಯೂ ಸಿಗುವ ಹೆಸರು, ಹಾಡಿನಲ್ಲಿ ಮಾತ್ರ ಸಿಗುವ ಹೆಸರು, ಕಡತದಲ್ಲಿ ಮಾತ್ರ ಸಿಗುವ ಹೆಸರು ಎಂದು ಬೇರ್ಪಡಿಸಿ, ಬೇರ್ಪಡಿಸಿದ್ದನ್ನು ಹಾಗೆಯೇ ಕಲ್ಲಿನ ಮೇಲೂ ತೋರಿಸಬೇಕು. ಅನುಮಾನವನ್ನು ಮುಚ್ಚಿ ಕೆತ್ತುವುದು ಬೇಡ. ಶಾಸನತಜ್ಞರೂ ಜಾನಪದ ತಜ್ಞರೂ ಒಂದೇ ಮೇಜಿನ ಮುಂದೆ ಕುಳಿತರೆ ಇದು ಆಗುವ ಕೆಲಸ. ಊರೂರಿನಲ್ಲಿ ಹಳೆಯ ಮೇಳಗಳ ಹಾಡುಗಾರರಿಗೆ ವಯಸ್ಸಾಗುತ್ತಿದೆ. ಹಾಡಿನ ಕಡೆಯ ಪಟ್ಟಿಯನ್ನು ಮೊದಲು ಬರೆದುಕೊಳ್ಳಬೇಕು, ಕಡತಗಳು ಇನ್ನಷ್ಟು ದಿನ ಕಾಯಬಲ್ಲವು.